ತಾತೋಪಾನಿಯಲ್ಲಿ ಕೊಟ್ಟ ಬಕ್ಷೀಸು

ನಾನು ನೇಪಾಳಕ್ಕೆ ಹೋಗಿ ಬಂದದ್ದು ಕೊಟ್ಟೂರಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಆದರೆ ನನ್ನ ಖಾನಾವಳಿಗೆ ಊಟಕ್ಕೆ ಬರುವವರು ಪಶುಪತಿನಾಥನ ಬಗ್ಗೆ ಕೇಳುವುದಿಲ್ಲ, ಹಿಮದ ಬೆಟ್ಟಗಳ ಬಗ್ಗೆಯೂ ಕೇಳುವುದಿಲ್ಲ. "ಅಲ್ಲಿ ಹೋಟ್ಲಿನೋರಿಗೆ, ಡ್ರೈವರ್‌ಗೆ ಏನು ಕೊಡ್ಬೇಕಾಗ್ತತಿ ಗಿರಿಜಕ್ಕ? ಕೊಡದಿದ್ರ ಮಾರಿ ಗಂಟು ಹಾಕ್ಕಂತಾರಂತಲ್ಲ?" ಎನ್ನುತ್ತಾರೆ. ಇದಕ್ಕೆ ನನ್ನಲ್ಲಿ ಉತ್ತರವಿದೆ. ಆದರೆ ಅದು ರೊಟ್ಟಿ ಬಡಿಸುತ್ತ ನಿಂತಲ್ಲೇ ಹೇಳುವಂಥದ್ದಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಹೋದದ್ದು ಮೂವರೇ. ನಾನು, ನನ್ನ ಬೀಗರಾದ ಶಿವಯೋಗೆಪ್ಪ, ಅವರ ಹೆಂಡತಿ ಅನ್ನಪೂರ್ಣಮ್ಮ. ನನ್ನ ಒಬ್ಬಳೇ ಮಗಳು ಸುಮಾಳನ್ನು ಹರಪನಹಳ್ಳಿಯ ಅವರ ಮನೆಗೆ ಕೊಟ್ಟಿದ್ದೇನೆ. ಬೀಗರದು ಮೆಕ್ಕೆಜೋಳದ ವ್ಯಾಪಾರ, ದೊಡ್ಡ ಕೈ. ನನ್ನದು ಬಸ್ ಸ್ಟ್ಯಾಂಡಿನ ಪಕ್ಕದ ಸಣ್ಣ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಅದರಿಂದಲೇ ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು. "ಮುಕ್ತಿನಾಥಕ್ಕೆ ಹೊಂಟೇವಿ, ನೀವೂ ಬರ್ರಿ" ಎಂದು ಬೀಗರು ಕರೆದಾಗ, ನನ್ನಲ್ಲಿ ರೊಟ್ಟಿ ಬಡಿಯುವ ಇಟ್ಟಿಗಿ ಊರಿನ ಹಾಲಮ್ಮ ಮಾತ್ರ ಬೇಡವೆಂದಳು. "ಅಕ್ಕಾರ, ಬೀಗರ ಜೋಡಿ ಪಂಕ್ತಿಗೆ ಕುಂದರಬೌದು, ದಾರಿ ನಡೀಬಾರ್ದು." ನಾನು ನಕ್ಕು ಹಿಟ್ಟಿನ ಬೋಗುಣಿ ಅವಳ ಕಡೆ ದೂಡಿದೆ.

ಕಾಠ್ಮಂಡು

ಹೋಟೆಲಿನಲ್ಲಿ ನಮ್ಮ ಚೀಲಗಳನ್ನು ಮೂರನೆಯ ಮಹಡಿಗೆ ಹೊತ್ತು ತಂದವನಿಗೆ ಐವತ್ತೈದಾದರೂ ಆಗಿರಬೇಕು. ಆದರೂ ಕೆಳಗೆ ಮೇಜಿನ ಹಿಂದೆ ಕೂತವರು ಅವನನ್ನು ಕರೆದದ್ದು ‘ರೂಮ್ ಬಾಯ್’ ಎಂದೇ. ಚೀಲ ಇಟ್ಟ, ಪರದೆ ಸರಿಸಿದ, ಬಿಸಿನೀರಿನ ನಲ್ಲಿ ತೋರಿಸಿದ, ಟೀವಿ ಹಚ್ಚಿ ಮತ್ತೆ ಆರಿಸಿದ. ಆಮೇಲೆ ಬಾಗಿಲ ಬಳಿ ನಿಂತೇ ಇದ್ದ. ದಣಿದಿದ್ದಾನೆ ಪಾಪ ಎಂದುಕೊಂಡು ಕುರ್ಚಿ ತೋರಿಸಿ "ಬೈಠೋ ಭಾಯಿ" ಎಂದೆ. ಲಾರಿ ಡ್ರೈವರುಗಳಿಗೆ ಬಡಿಸಿ ಬಡಿಸಿ ಕಲಿತ ಹಿಂದಿ ನನ್ನದು. ಅವನು ನಾಚಿಕೊಂಡು "ಚಿಯಾ ಖರ್ಚ, ದೀದಿ" ಎಂದ. ಚಿಯಾ ಎಂದರೆ ಚಹಾ ಎಂದು ವಿಮಾನದಲ್ಲೇ ಕಲಿತಿದ್ದೆ. ಚಹಾ ಕೇಳುತ್ತಿದ್ದಾನೆಂದು ಮೂಲೆಯಲ್ಲಿದ್ದ ಕೆಟಲಿಗೆ ನೀರು ತುಂಬಲು ಹೋದೆ. ಅವನು ಗಾಬರಿಯಾಗಿ ಕೈಯಾಡಿಸಿದ ಮೇಲೆ ನನಗೆ ಅರ್ಥವಾಯಿತು. ನಮ್ಮಲ್ಲಿ "ಚಾ ಕುಡ್ಯಾಕ ಏನರ ಕೊಡ್ರಿ" ಎನ್ನುವುದಿಲ್ಲವೇ, ಅದೇ ಮಾತು. ಬಾಯಿಬಿಟ್ಟು ಕೇಳಲು ನಾಚುವವರು ಆ ದೇಶದಲ್ಲೂ ಚಹಾದ ಹೆಸರನ್ನೇ ಮುಂದೆ ಮಾಡುತ್ತಾರೆ. ನಾನು ಕೊಟ್ಟೆ. ಎಡಗೈಯನ್ನು ಬಲಮೊಣಕೈಗೆ ಮುಟ್ಟಿಸಿ, ಪ್ರಸಾದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು ಹೋದ.

ಅದು ತಪ್ಪಾಗಿತ್ತು. ಬೀಗರು ಕೆಳಗೇ ಅವನಿಗೆ ಮೂವರ ಲೆಕ್ಕದಲ್ಲಿ ಕೊಟ್ಟಿದ್ದರಂತೆ. ಊಟದ ಹೊತ್ತಿಗೆ ಅನ್ನಪೂರ್ಣಮ್ಮ ಮುಖ ಬಿಗಿದುಕೊಂಡು ಕೂತಿದ್ದರು.

"ನಮ್ಮೋರು ಎಲ್ಲಾರದ್ದೂ ಸೇರ್ಸಿ ಕೊಟ್ಟಿದ್ರು. ನೀವು ಮ್ಯಾಲೆ ಮತ್ತ ಕೊಟ್ರಿ ಅಂದ್ರ, ನಾವು ಕೊಟ್ಟದ್ದು ಕಮ್ಮಿ ಆತು ಅಂದಂಗಾತಲ್ಲ ಗಿರಿಜಕ್ಕ?"

"ಗೊತ್ತಾಗ್ಲಿಲ್ರಿ ಅಕ್ಕಾರೆ. ತಪ್ಪಾತು."

"ಹೋಗ್ಲಿ ಬಿಡ್ರಿ. ಇನ್ಮ್ಯಾಲೆ ಅವ್ರು ನೋಡ್ಕಂತಾರ."

ಮರುದಿನ ಪಶುಪತಿನಾಥನ ಗುಡಿಯಲ್ಲಿ ಅರ್ಚಕರು ನಮ್ಮ ಕರ್ನಾಟಕದ ಕಡೆಯವರೆಂದು ತಿಳಿದು ನಾನು ಹಿಗ್ಗಿ ಹೇಳಿದರೆ, ಅನ್ನಪೂರ್ಣಮ್ಮ "ಹೌದೇನು" ಎಂದಷ್ಟೇ ಹೇಳಿ ಮುಂದೆ ನಡೆದರು. ಸಂಜೆ ಹರಪನಹಳ್ಳಿಯಿಂದ ಸುಮಾ ಫೋನು ಮಾಡಿದಳು. "ಅವ್ವಾ, ಏನಾತು? ನಮ್ಮತ್ತಿ ಸಿಟ್ಟಿಗೆದ್ದಾರಂತಲ್ಲ. ನೀ ಸ್ವಲ್ಪ ಹೊಂದಿಕೊಂಡು ಹೋಗವ್ವ, ನಾಳೆ ನಾನು ಈ ಮನ್ಯಾಗಿರಾಕಿ." ಆವತ್ತೇ ತೀರ್ಮಾನಿಸಿಬಿಟ್ಟೆ. ಈ ಪ್ರವಾಸ ಮುಗಿಯುವವರೆಗೆ ಕೊಡುವ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ.

ಪೋಖರಾ

ಖಾನಾವಳಿ ನಡೆಸುವವಳಿಗೆ ಇನ್ನೊಬ್ಬರಿಂದ ಹಾಸಿಗೆ ಕೊಡವಿಸಿಕೊಳ್ಳುವುದು ಕಷ್ಟ. ಪೋಖರಾದ ಹೋಟೆಲಿನಲ್ಲಿ ಬೆಳಿಗ್ಗೆ ಎದ್ದವಳೇ ಹೊದಿಕೆ ಮಡಚಿದೆ, ಲೋಟ ತೊಳೆದಿಟ್ಟೆ, ಬಚ್ಚಲು ಒರೆಸಿದೆ. ಸ್ವಚ್ಛ ಮಾಡಲು ಬಂದ ಹೆಂಗಸು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಿನ್ನೆಯ ತನ್ನ ಕೆಲಸ ಚೆನ್ನಾಗಿರಲಿಲ್ಲವೇ ಎಂದು ಕೇಳಿದಳು. ಮೇಲಿನವರು ಬಂದು ನೋಡಿದರೆ ಈ ಕೋಣೆಗೆ ಅವಳು ಬೇಕಾಗಿಲ್ಲ ಎಂದು ಬರೆದುಕೊಳ್ಳುತ್ತಾರಂತೆ. ನಾನು ಉಪಕಾರವೆಂದುಕೊಂಡದ್ದು ಅವಳ ಅನ್ನಕ್ಕೆ ಕೈ ಹಾಕಿದ್ದಾಗಿತ್ತು. ಅವಳೆದುರಿಗೇ ಹೊದಿಕೆ ಎಳೆದು ಮುದ್ದೆ ಮಾಡಿದೆ. ಇಬ್ಬರೂ ನಕ್ಕೆವು.

ಮರುದಿನ ಹೊರಡುವಾಗ ಬೀಗರಿಗೆ ತಿಳಿಯದ ಹಾಗೆ ದಿಂಬಿನ ಮೇಲೆ ಒಂದು ನೋಟು ಇಟ್ಟು ಬಂದೆ. ಅವಳು ಅದನ್ನು ಹಿಡಿದುಕೊಂಡು ಓಡುತ್ತ ಕೆಳಗೆ ಬಂದಳು. ದೀದಿ, ನಿಮ್ಮ ದುಡ್ಡು ಮರೆತಿರಿ ಎಂದಳು. ಹೇಳದೆ ಇಟ್ಟದ್ದನ್ನು ಮುಟ್ಟಿದರೆ ಕಳ್ಳಿಯಾಗಬೇಕಲ್ಲ. ಬೀಗರು, ಅನ್ನಪೂರ್ಣಮ್ಮ ಇಬ್ಬರೂ ನೋಡುತ್ತಿದ್ದರು. ನಾನು ಆ ನೋಟನ್ನು ವಾಪಸು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ‘ನಿನಗೇ ಇಟ್ಟದ್ದು’ ಎನ್ನಲು ಬಾಯಿ ಬರಲಿಲ್ಲ. ಕೊಡುವುದಿದ್ದರೆ ಕೈಯಾರೆ ಕೊಡಿ, ನಿನಗೆಂದು ಹೇಳಿ ಕೊಡಿ. ಕೇಳುವವರಿಗೆ ಇದೊಂದನ್ನು ಧೈರ್ಯವಾಗಿ ಹೇಳಬಲ್ಲೆ.

ಹೊರಗೆ ಜೀಪು ನಿಂತಿತ್ತು. ಡ್ರೈವರನ ಹೆಸರು ಲೋಕಬಹಾದೂರ. ನಲವತ್ತರ ಆಸುಪಾಸು, ಗಿಡ್ಡ ಆಳು, ಮಾತು ಕಡಿಮೆ. ಚೀಲಗಳನ್ನು ಮೇಲೆ ಕಟ್ಟಿ, ಹಗ್ಗ ಎರಡು ಸಲ ಎಳೆದು ನೋಡಿದ. ಎರಡು ಸಲ ನೋಡುವ ಡ್ರೈವರು ಒಳ್ಳೆಯವನೆಂಬುದು ನನ್ನ ಲೆಕ್ಕ.

ಮುಕ್ತಿನಾಥ

ರಸ್ತೆ ಎಂದರೆ ರಸ್ತೆಯಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಆಳದಲ್ಲಿ ಕಾಳಿಗಂಡಕಿ ನದಿ. ಅನ್ನಪೂರ್ಣಮ್ಮನ ತವರು ಮಾಗಳ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವರು. "ನಮ್ಮ ಹೊಳಿ ಎಂಥಾ ಸಾಧು ಐತಿ. ಇದು ನೋಡ್ರಿ, ಹಲ್ಲು ಕಡಕೊಂಡು ಹೊಂಟತಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಹತ್ತು ತಾಸು ಹೀಗೇ ಏರಿದೆವು.

ಮುಕ್ತಿನಾಥದ ನೂರೆಂಟು ಧಾರೆಗಳ ನೀರು ತಲೆಯ ಮೇಲೆ ಬಿದ್ದಾಗ ನಾನು ಮಗಳ ಹೆಸರು ಬಿಟ್ಟು ಬೇರೇನೂ ನೆನೆಯಲಿಲ್ಲ. ಬೀಗರಿಗೆ ಮಾತ್ರ ಅಲ್ಲಿಂದಲೇ ಉಸಿರು ಕಟ್ಟತೊಡಗಿತು. ಎತ್ತರದ ಗಾಳಿ. ತುಟಿ ನೀಲಿಗಟ್ಟಿತು. ಹೋಟೆಲಿನವರು ಬೆಳ್ಳುಳ್ಳಿ ಸಾರು ಕುಡಿಸಿದರು. ಲೋಕಬಹಾದೂರ ಚಳಿಯಲ್ಲಿ ನಡೆದುಹೋಗಿ ಎಲ್ಲಿಂದಲೋ ಆಕ್ಸಿಜನ್ ಸಿಲಿಂಡರು ಹೊತ್ತು ತಂದ. ಬೆಳಿಗ್ಗೆ ನಾನು ಎದ್ದು ಬರುವಾಗ ಅವನು ಬೀಗರ ಕೋಣೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದ. ಸಿಲಿಂಡರಿನ ಮುಳ್ಳು ನೋಡುತ್ತ ಹಾಗೇ ಬೆಳಗು ಮಾಡಿದ್ದ.

ಬೀಗರು ಚೇತರಿಸಿಕೊಂಡು ಅವನ ಕೈಗೆ ನೋಟು ಇಟ್ಟರು. ಬೆಳಗಿನ ಮೊದಲ ವ್ಯಾಪಾರದ ದುಡ್ಡನ್ನು ನಾನು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಅವನು ಹಣೆಗೆ ಮುಟ್ಟಿಸಿಕೊಂಡ. ಬೀಗರು ನನ್ನ ಕಡೆ ತಿರುಗಿ "ರೊಕ್ಕ ಕಂಡ್ರ ಎಂಥಾ ನಿದ್ದೀನೂ ಓಡಿ ಹೋಗ್ತತಿ ನೋಡ್ರಿ ಬೀಗ್ರೆ" ಎಂದು ನಕ್ಕರು. ರಾತ್ರಿ ಅವನು ಕೂತಾಗ ರೊಕ್ಕದ ಮಾತೇ ಇರಲಿಲ್ಲ. ನಾನು ಚೀಲ ಕಟ್ಟಲು ಹೋದೆ.

ತಾತೋಪಾನಿ

ಇಳಿಯುವಾಗ ದಾರಿಯಲ್ಲಿ ಗುಡ್ಡ ಕುಸಿದು ಮೂರು ತಾಸು ನಿಂತೆವು. ಲೋಕಬಹಾದೂರ ಆಗಲೂ ಮಲಗಲಿಲ್ಲ. ಬೇರೆ ಡ್ರೈವರುಗಳ ಜೊತೆ ಕಲ್ಲು ಎತ್ತಿದ. ತಾತೋಪಾನಿ ಮುಟ್ಟುವಾಗ ಬಿಸಿಲು ಬೆಟ್ಟದ ತುದಿಗೆ ಹೋಗಿತ್ತು. ತಾತೋಪಾನಿ ಎಂದರೆ ಬಿಸಿನೀರು. ಹೊಳೆಯ ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ ಇದೆ. ಅಷ್ಟು ಕೆಳಗೆ ಬಂದ ಮೇಲೆ ಬೀಗರ ಉಸಿರು ಪೂರಾ ಸರಿಹೋಗಿ, ಎರಡು ತಟ್ಟೆ ಅನ್ನ ಉಂಡರು. ಡ್ರೈವರು ಬರೀ ಕರಿ ಚಹಾ ಕುಡಿದ.

ಆಮೇಲೆ ನಮ್ಮ ಮೇಜಿಗೆ ಬಂದು, ಇವತ್ತು ಇಲ್ಲೇ ಉಳಿಯೋಣ, ಮುಂದಿನ ರಸ್ತೆ ಹಸಿಯಾಗಿದೆ, ನನಗೂ ನಿದ್ದೆಯಾಗಿಲ್ಲ, ಬೆಳಿಗ್ಗೆ ಬೇಗ ಹೊರಟುಬಿಡೋಣ ಎಂದ.

"ಇಲ್ಲಿ ಯಾಕ ಇರ್ಬೇಕು? ಪೋಖರಾದಾಗ ರೂಮಿಗೆ ರೊಕ್ಕ ಕಟ್ಟೇನಿ. ಅದು ಸುಮ್ನ ಹೋಗ್ಬೇಕನು?" ಎಂದು ಬೀಗರು ನಮಗೆ ಹೇಳಿದರು. ಅವನಿಗೆ ಹಿಂದಿಯಲ್ಲಿ, ಪೋಖರಾ ಮುಟ್ಟಿಸು, ಎರಡು ಪಟ್ಟು ಬಕ್ಷೀಸು ಕೊಡುತ್ತೇನೆ ಎಂದರು. ಮುಂಗಡವೆಂದು ಜೇಬಿನಿಂದ ನೋಟು ತೆಗೆದು ಮೇಜಿನ ಮೇಲೆ ಲೋಟದ ಕೆಳಗಿಟ್ಟರು.

ಲೋಕಬಹಾದೂರ ನೋಟು ನೋಡಲಿಲ್ಲ. ನನ್ನನ್ನು ನೋಡಿದ.

ಅವನ ಕಣ್ಣಿನ ಬಿಳಿ ಕೆಂಪಾಗಿತ್ತು, ರೆಪ್ಪೆ ಬಡಿಯುವುದು ನಿಧಾನವಾಗಿತ್ತು. ಇಂಥ ಕಣ್ಣು ನನಗೆ ಹೊಸದಲ್ಲ. ಕೂಡ್ಲಿಗಿ ಕಡೆಯಿಂದ ಲಾರಿ ಹೊಡೆದುಕೊಂಡು ಬಂದು ಇಂಥ ಕಣ್ಣಿನಲ್ಲಿ ಊಟಕ್ಕೆ ಕೂತವರಿಗೆ ನಾನು ನಿದ್ದೆ ತರುವ ಮಜ್ಜಿಗೆ ಹಾಕುವುದಿಲ್ಲ. "ಒಂದು ತಾಸು ಬೆಂಚಿನ ಮ್ಯಾಲೆ ಬಿದ್ಕೊಂಡು ಹೋಗಪ್ಪ, ಹೆಂಡ್ರು ಮಕ್ಳು ಅದಾರ" ಎಂದು ಬೈದು ಮಲಗಿಸಿದ್ದೇನೆ. ಒಬ್ಬನ ಗಾಡಿಯ ಕೀಲಿಯನ್ನೇ ಕಸಿದು ಹಿಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡದ್ದುಂಟು. ಅದು ನನ್ನ ಖಾನಾವಳಿ. ಅಲ್ಲಿ ನನ್ನ ಮಾತು ನಡೆಯುತ್ತದೆ. ತಾತೋಪಾನಿಯ ಆ ಮೇಜಿನಲ್ಲಿ ನಾನು ಹೆಣ್ಣು ಕೊಟ್ಟವಳು. ಬಾಯಿ ತೆರೆದರೆ ರಾತ್ರಿಯೊಳಗೆ ಸುಮಾಳ ಫೋನು ಬರುತ್ತದೆ. ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತೆ.

ಅನ್ನಪೂರ್ಣಮ್ಮ ಮೊಣಕೈಯಿಂದ ನನ್ನನ್ನು ತಿವಿದರು. "ನೀವೂ ಒಂದೀಟು ಹಾಕ್ರಿ ಗಿರಿಜಕ್ಕ. ಬ್ಯಾಡಾದಲ್ಲಿ ಕೊಡ್ತಿದ್ರಿ, ಈಗ್ಯಾಕ ಸುಮ್ನದೀರಿ?"

ನಾನು ಚೀಲ ತೆರೆದೆ. ಪೋಖರಾದ ಹೆಂಗಸಿಗೆ ಕೊಡದೆ ಉಳಿಸಿಕೊಂಡ ನೋಟು ಮೇಲೇ ಇತ್ತು. ಅದನ್ನೇ ಲೋಟದ ಕೆಳಗೆ ಸೇರಿಸಿದೆ.

"ಹುನ್ಛ" ಎಂದ ಲೋಕಬಹಾದೂರ. ಆಗಲಿ ಎಂದರ್ಥ.

ಬೇನಿ

ಬೇನಿ ಪಟ್ಟಣ ಇನ್ನು ಅರ್ಧ ತಾಸು ಇರುವಾಗ ಆಯಿತು. ಇನ್ನೂ ಮಬ್ಬು ಬೆಳಕಿತ್ತು. ಗಾಡಿ ಎಡಕ್ಕೆ, ಹೊಳೆಯ ಕಡೆಗೆ ಮೆಲ್ಲಗೆ ಸರಿಯುತ್ತಿದ್ದುದು ನನಗೆ ಕಾಣಿಸಿತು. ಎಷ್ಟು ಮೆಲ್ಲಗೆಂದರೆ, ಅವನು ಬೇಕೆಂದೇ ಸರಿಸುತ್ತಿದ್ದಾನೆಂದು ಅಂದುಕೊಂಡೆ. ಅನ್ನಪೂರ್ಣಮ್ಮ ಚೀರಿದರು. ಅವನು ಎಚ್ಚೆತ್ತು ಸ್ಟೇರಿಂಗನ್ನು ಪೂರಾ ಬಲಕ್ಕೆ ಎಳೆದ. ಹೊಳೆಗೆ ಬೀಳಬೇಕಾಗಿದ್ದ ಗಾಡಿ ಬೆಟ್ಟಕ್ಕೆ ಹೊಡೆಯಿತು. ಹೊಡೆದದ್ದು ಅವನು ಕೂತ ಬದಿ.

ನನಗೆ ಹಣೆ ಒಡೆಯಿತು, ಬೀಗರಿಗೆ ಭುಜ ಉಳುಕಿತು, ಅನ್ನಪೂರ್ಣಮ್ಮನಿಗೆ ಗೀರು ಕೂಡ ಆಗಲಿಲ್ಲ. ಲೋಕಬಹಾದೂರನ ಬಲಗಾಲು ತಗಡಿನ ನಡುವೆ ಸಿಕ್ಕಿತ್ತು. ಹಿಂದಿನಿಂದ ಬಂದ ಬಸ್ಸಿನವರು ಬಾಗಿಲು ಮುರಿದು ಅವನನ್ನು ತೆಗೆಯುವವರೆಗೆ ಅವನು ನರಳುತ್ತಲೇ ಕೇಳುತ್ತಿದ್ದ: "ದೀದಿ ಠೀಕ್? ಬಾಬುಜಿ ಠೀಕ್?"

ಬೇನಿಯ ಠಾಣೆಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಬಿಸಿ ಚಹಾ ಕೊಟ್ಟರು. ಪೊಲೀಸನು ಒಳ್ಳೆಯ ಮನುಷ್ಯ, ಏನಾಯಿತೆಂದು ಹಿಂದಿಯಲ್ಲಿ ಮೆತ್ತಗೆ ಕೇಳಿದ. ಬೀಗರು ಹೇಳಿದರು, ಡ್ರೈವರನಿಗೆ ನಿದ್ದೆ ಹತ್ತಿತು. ನೀವು ಯಾರಾದರೂ ಅವನಿಗೆ ಅವಸರ ಮಾಡಿದಿರಾ ಎಂದ ಪೊಲೀಸ. ಇಲ್ಲ ಎಂದರು ಬೀಗರು. ಪೊಲೀಸ ನನ್ನ ಕಡೆ ತಿರುಗಿ ಅದನ್ನೇ ಕೇಳಿದ.

"ಮುಝೆ ಹಿಂದಿ ನಹೀ ಆತಾ" ಎಂದೆ. ನನಗೆ ಹಿಂದಿ ಬರುವುದಿಲ್ಲವೆಂದು ಹಿಂದಿಯಲ್ಲೇ ಹೇಳಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಬರೆದುಕೊಂಡ. ಚಾಲಕನ ನಿರ್ಲಕ್ಷ್ಯ.

ಮತ್ತೆ ಪೋಖರಾ

ಆಸ್ಪತ್ರೆಯಲ್ಲಿ ಲೋಕಬಹಾದೂರನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಜೀಪಿನ ಮಾಲೀಕ ಮೊದಲು ಬೇನಿಗೆ ಹೋಗಿ ಗಾಡಿ ನೋಡಿ, ಆಮೇಲೆ ಆಸ್ಪತ್ರೆಗೆ ಬಂದ. ಹಳ್ಳಿಯಿಂದ ಬಂದ ಲೋಕಬಹಾದೂರನ ಹೆಂಡತಿ ಪಡಸಾಲೆಯ ಗೋಡೆಗೆ ಆತುಕೊಂಡು ನಿಂತಿದ್ದಳು. ಬೀಗರು ಅವಳ ಕೈಗೆ ಲಕೋಟೆ ಕೊಟ್ಟರು. ಒಪ್ಪಿಕೊಂಡ ಎರಡು ಪಟ್ಟು ಬಕ್ಷೀಸು, ಮೇಲೆ ಇನ್ನಷ್ಟು. "ಆಡಿದ ಮಾತು ಅಂದ್ರ ಮಾತ" ಎಂದು ನಮಗೆ ಹೇಳಿದರು. ಆ ಹೆಂಗಸಿಗೆ ಏನೂ ಗೊತ್ತಿರಲಿಲ್ಲ. ಲಕೋಟೆಯನ್ನು ಹಣೆಗೆ ಮುಟ್ಟಿಸಿಕೊಂಡು ಬೀಗರ ಕಾಲಿಗೆ ಬಗ್ಗಿದಳು. ಆಮೇಲೆ ಅನ್ನಪೂರ್ಣಮ್ಮನ ಕಾಲಿಗೆ. ಆಮೇಲೆ ನನ್ನ ಕಾಲಿಗೆ. ನಾನು ಹಿಂದೆ ಸರಿಯುವಷ್ಟರಲ್ಲಿ ಅವಳ ಬೆರಳು ನನ್ನ ಪಾದ ಮುಟ್ಟಿತ್ತು.

ಬೀಗರು ಔಷಧಿ ಅಂಗಡಿಗೆ ಹೋದಾಗ ನಾನೊಬ್ಬಳೇ ಅವನ ಮಂಚದ ಬಳಿ ಹೋದೆ. ನಿಮಗೆ ತೊಂದರೆಯಾಯಿತು ದೀದಿ, ಕ್ಷಮಿಸಿ ಎಂದ. ನೀನು ಆವತ್ತು ಬರುವುದಿಲ್ಲ ಎನ್ನಬೇಕಿತ್ತಲ್ಲಪ್ಪ ಎಂದೆ. ಗಿರಾಕಿಗೆ ಇಲ್ಲವೆಂದರೆ ಅವರು ಮೊಬೈಲಿನಲ್ಲಿ ಕೆಟ್ಟದಾಗಿ ಬರೆಯುತ್ತಾರೆ, ಅದನ್ನು ಓದಿ ಮಾಲೀಕ ಮುಂದಿನ ಸಲ ಬೇರೆಯವನಿಗೆ ಕೀಲಿ ಕೊಡುತ್ತಾನೆ ಎಂದ. ಸ್ವಲ್ಪ ತಡೆದು, ನಿಮ್ಮ ಮುಖ ನೋಡಿದೆ, ನೀವು ಬೇಡ ಅನ್ನುತ್ತೀರೆಂದುಕೊಂಡೆ ಎಂದ. ಹೊದಿಕೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಅವನ ಫೋನ್ ನಂಬರು ಬರೆದುಕೊಂಡು ಬಂದೆ. ಅದರಿಂದ ಏನು ಮಾಡುವುದೆಂದು ಆಗ ತಿಳಿದಿರಲಿಲ್ಲ.

ಹರಪನಹಳ್ಳಿ, ಕೊಟ್ಟೂರು

ಊರಿಗೆ ಬಂದ ಹದಿನೈದು ದಿನಕ್ಕೆ ಹರಪನಹಳ್ಳಿಯಲ್ಲಿ ಬೀಗರು ಗಂಡಾಂತರದಿಂದ ಪಾರಾದದ್ದಕ್ಕೆ ಪೂಜೆ ಇಟ್ಟುಕೊಂಡರು. ಮಂಡಿಯವರು, ನೆಂಟರು, ಮಾಗಳದಿಂದ ಅನ್ನಪೂರ್ಣಮ್ಮನ ತಮ್ಮಂದಿರು ಬಂದಿದ್ದರು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಯಾರೋ ಕೇಳಿದರು, ಅಪಘಾತ ಹೇಗಾಯಿತು?

"ಕುಡಿದಿದ್ದ ನನ್ಮಗ" ಎಂದರು ಬೀಗರು. "ಅಲ್ಲಿ ಡ್ರೈವರುಗಳೆಲ್ಲಾ ಹಂಗ. ನಮ್ಮ ಪುಣ್ಯಾ ದೊಡ್ಡದು."

ಎಲ್ಲರೂ ಲೊಚಗುಟ್ಟಿದರು. ನಾನು ಕಂಬದ ಹತ್ತಿರ ನಿಂತಿದ್ದೆ. ಮಗಳು ಒಳಗಿನಿಂದ ಹಣ್ಣಿನ ತಟ್ಟೆ ತರುತ್ತಿದ್ದಳು. ಅಷ್ಟು ದಿನ ಬಾರದ ಮಾತು ಆಗ ಬಂತು.

"ಕುಡಿದಿರ್ಲಿಲ್ರಿ ಬೀಗ್ರೆ. ಕರಿ ಚಾ ಕುಡಿದಿದ್ದ. ನಿಮ್ಮ ಉಸಿರು ಕಾಯಾಕ ರಾತ್ರಿ ಎಲ್ಲಾ ಕುಂತಿದ್ದ. ನಿದ್ದಿ ಬರ್ತತಿ, ಇಲ್ಲೇ ಇರಾಣ ಅಂದ. ನಾವು ರೊಕ್ಕದ ಆಸಿ ತೋರ್ಸಿ ಕರ್ಕಂಡು ಬಂದ್ವಿ. ನಾನೂ ಕೊಟ್ಟೀನಿ."

ಬೀಗರು ಎದ್ದು ಒಳಗೆ ಹೋದರು. ಅನ್ನಪೂರ್ಣಮ್ಮ ನನ್ನ ಕಡೆ ನೋಡದೆ "ನಿಮ್ಮ ಬಸ್ಸಿಗೆ ಹೊತ್ತಾತು" ಎಂದರು. ಮಗಳು ಬಾಗಿಲವರೆಗೂ ಬಂದಳು. "ಯಾಕ ಬೇಕಿತ್ತವ್ವ ನಿನಗ? ಅಲ್ಲಿ ಹೇಳಬೇಕಾದಾಗ ಹೇಳ್ಲಿಲ್ಲ, ಇಲ್ಲಿ ಹೇಳಿ ಯಾರಿಗೆ ಏನು ಬಂತು?" ಅವಳು ಅಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಆಮೇಲೆ ಅವಳು ತವರಿಗೆ ಬಂದಿಲ್ಲ. ಫೋನು ಮಾಡಿದರೆ ಪಿಸುಮಾತಿನಲ್ಲಿ, ಎರಡೇ ಮಾತು.

ಬಸ್ಸಿನಲ್ಲಿ ಕೂತು ಮಗಳ ಮಾತನ್ನೇ ಯೋಚಿಸಿದೆ. ಅವಳು ಹೇಳಿದ್ದು ನಿಜ. ಬೇನಿಯಲ್ಲಿ ಹಿಂದಿಯಲ್ಲಿ ಹೇಳಬೇಕಾದದ್ದನ್ನು ಹರಪನಹಳ್ಳಿಯಲ್ಲಿ ಕನ್ನಡದಲ್ಲಿ ಹೇಳಿದ್ದೆ. ಹಾಗಾದರೆ ಈಗಲಾದರೂ ಅಲ್ಲಿಗೇ ಹೇಳೋಣ ಎಂದುಕೊಂಡೆ. ನಮ್ಮ ಓಣಿಯ ಹಿಂದಿ ಮೇಷ್ಟರ ಬಳಿ ಕೂತು, ಬೇನಿಯ ಠಾಣೆಗೆ ಎರಡು ಪುಟದ ಕಾಗದ ಬರೆಸಿದೆ. ಅವನು ನಿಲ್ಲೋಣವೆಂದದ್ದು, ನಾವು ಒತ್ತಾಯ ಮಾಡಿದ್ದು, ಲೋಟದ ಕೆಳಗಿನ ನೋಟು, ನಾನು ಹಿಂದಿ ಬರುವುದಿಲ್ಲವೆಂದು ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಕೆಳಗೆ ನನ್ನ ಸಹಿ ಹಾಕಿ ಅಂಚೆಗೆ ಕೊಟ್ಟೆ. ಅಂದು ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು.

ಎಂಟು ದಿನ ಕಳೆದು ಲೋಕಬಹಾದೂರನಿಗೆ ಫೋನು ಮಾಡಿದೆ. ದನಿ ಕೇಳಿ ಗುರುತು ಹಿಡಿದ. ಲೈಸೆನ್ಸು ಹೋಯಿತು ಎಂದ. ಇನ್ನು ಗಾಡಿ ಹೊಡೆಯುವ ಹಾಗೂ ಇಲ್ಲವಲ್ಲ ಎಂದು ತಾನೇ ಸಮಾಧಾನ ಹೇಳಿಕೊಂಡ. ಆದರೆ ಮಾಲೀಕ ಕೈಬಿಟ್ಟಿಲ್ಲವಂತೆ. ಪಾಪ, ನಿದ್ದೆ ಯಾರಿಗೆ ಬರುವುದಿಲ್ಲ ಎಂದು ಕನಿಕರಿಸಿ, ತನ್ನ ಗ್ಯಾರೇಜಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದಿದ್ದಾನಂತೆ.

ನಿನ್ನ ತಪ್ಪಿಲ್ಲವೆಂದು ಪೊಲೀಸರಿಗೆ ಎಲ್ಲ ಬರೆದು ತಿಳಿಸುತ್ತೇನಪ್ಪ, ನಾವು ದುಡ್ಡು ಕೊಟ್ಟು ಓಡಿಸಿದೆವೆಂದು ಹೇಳುತ್ತೇನೆ ಎಂದೆ. ಅವನನ್ನು ಖುಷಿಪಡಿಸಬೇಕೆಂದು, ಆಗಲೇ ಬರೆದದ್ದನ್ನು ಮುಂದೆ ಬರೆಯುವವಳ ಹಾಗೆ ಶುರು ಮಾಡಿದೆ.

"ಬೇಡ ದೀದಿ" ಎಂದ. "ಬಕ್ಷೀಸಿನ ಆಸೆಗೆ ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸಿದೆ ಎಂದು ಮಾಲೀಕನಿಗೆ ಗೊತ್ತಾದರೆ ಆ ಕೆಲಸವೂ ಸಿಗುವುದಿಲ್ಲ. ಗಾಡಿಯ ನಷ್ಟವನ್ನೂ ನನ್ನ ಮೇಲೇ ಹಾಕುತ್ತಾನೆ. ಹಾಗೇ ಇರಲಿ. ಏನೂ ಬರೆಯಬೇಡಿ."

ನಾನು ಕಾಗದ ಅಂಚೆಗೆ ಹಾಕಿ ಎಷ್ಟು ದಿನವಾಯಿತೆಂದು ಬೆರಳು ಮಡಚಿ ಎಣಿಸಿದೆ.

"ಬರೆದಿಲ್ಲ ತಾನೆ, ದೀದಿ?" ಎಂದು ಕೇಳಿದ.